ನೀರಿನಿಂದ ಹದಿನಾರೂವರೆ ಅಡಿ

ಬುಧವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆಗ ನಾನು ಕೈಗಡಿಯಾರ ನೋಡುತ್ತಲೇ ನಿಂತಿದ್ದೆ. ನೀರು ಅರ್ಧ ಗಂಟೆಗೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ, ಪಕ್ಕದಲ್ಲಿದ್ದ ಹೆಂಗಸಿಗೆ, "ಗಾಬರಿ ಆಗಬ್ಯಾಡವಾ, ರಾತ್ರಿ ಒಂಬತ್ತರ ತನಕ ಏನೂ ಆಗೂದಿಲ್ಲ" ಎಂದೆ. ಆ ಮಾತಾಡಿ ಒಂದು ನಿಮಿಷವೂ ಕಳೆದಿರಲಿಲ್ಲ.

ನಾನು ಹೈದರಾಬಾದಿಗೆ ಹೋದದ್ದು ಪುಸ್ತಕ ಕೊಳ್ಳಲು. ರಾಯಚೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ. ಆ ವರ್ಷಗಳಲ್ಲಿ ವಿದ್ಯಾರ್ಥಿಗಳೆಲ್ಲ ಕಂಪ್ಯೂಟರ್ ಪುಸ್ತಕಗಳನ್ನೇ ಕೇಳುತ್ತಿದ್ದರು, ಹೊಸದರ ಬೆಲೆ ನೋಡಿದರೆ ನಮ್ಮ ಕಾಲೇಜಿಗೆ ಎದೆ ಒಡೆಯುತ್ತಿತ್ತು. ಕೋಠಿಯ ಹಳೆ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುತ್ತವೆ ಎಂದು ಪ್ರಾಂಶುಪಾಲರು ನಾಲ್ಕು ದಿನದ ಮಟ್ಟಿಗೆ ನನ್ನನ್ನು ಕಳಿಸಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದೆ. ಟಿಕೆಟ್ ತೊಂಬತ್ತೆರಡು ರೂಪಾಯಿ. ಕೃಷ್ಣಾ ಸೇತುವೆ ದಾಟುವಾಗ ಹೊಳೆ ಅರ್ಧ ಮಾತ್ರ ತುಂಬಿತ್ತು. ಮಹಬೂಬನಗರದಲ್ಲಿ ಇಡ್ಲಿ, ಶಾದನಗರದಲ್ಲಿ ಚಹಾ. ಹನ್ನೆರಡೂವರೆಗೆ ಹೈದರಾಬಾದು. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಇನ್ನೂ ಒಂದೂಕಾಲು ತಾಸು ನಿಂತುಕೊಂಡು ಕುಷಾಯಿಗೂಡ ಮುಟ್ಟಿದೆ. ಅಲ್ಲಿ ನನ್ನ ಅಕ್ಕ ಸುಶೀಲಾ ಇದ್ದಳು. ಭಾವ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರ. ಅವರದು ಮೊದಲ ಮಹಡಿಯ ಬಾಡಿಗೆ ಮನೆ. ಹಿಂದುಗಡೆ ಐದು ಅಂತಸ್ತಿನ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದರ ಮಗ್ಗುಲಿನ ತಗ್ಗಿನಲ್ಲಿ ಕೆಲಸದವರ ಏಳೆಂಟು ತಗಡಿನ ಶೆಡ್ಡು, ಶೆಡ್ಡುಗಳ ಆಚೆ ಮಳೆನೀರು ಹರಿಯುವ ದೊಡ್ಡ ನಾಲಾ.

ಸಂಜೆ ಹಾಲು ತರಲು ಹೋದಾಗ ಅಂಗಡಿಯವನೊಡನೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ತೆಲುಗಿನಲ್ಲಿ ಜೋರಾಗಿ ಚೌಕಾಸಿ ಮಾಡುತ್ತಿದ್ದಳು. ಪಕ್ಕದಲ್ಲಿ ನಾಲ್ಕು ವರ್ಷದ ತಂಗಿ. ತಂಗಿ ಲಂಗ ಜಗ್ಗಿದಾಗ ಹುಡುಗಿ ತಿರುಗಿ, "ಸುಮ್ಕಿರ ಮಲ್ಲಿ, ಪೆಪ್ಪರಮೆಂಟ ನಾಳಿಗಿ" ಎಂದಳು. ನನಗೆ ಕಿವಿ ತಂಪಾಯಿತು.

"ಯಾವೂರವಾ ನಿಮ್ದು?" ಎಂದೆ.

"ಭೀಮಾ ಹೊಳಿ ದಂಡಿ ರೀ. ನಾ ಭಾಗಮ್ಮ. ಅಲ್ಲಿ ಕಾಣಾಕತ್ತೈತಲ್ಲ, ಆ ಬಿಲ್ಡಿಂಗ ನಮ್ದ ರೀ."

"ಐದೂ ಅಂತಸ್ತು ನಿಮ್ದ ಏನು?"

"ಕಟ್ಟಿ ಮುಗಿಯೂ ತನಕ ನಮ್ದು. ಆಮ್ಯಾಲ ಕಂಪ್ಯೂಟರ್‌ನೋರದು."

ಅವಳ ಅಜ್ಜ ಶರಣಪ್ಪ ಅಲ್ಲಿಯ ಮೇಸ್ತ್ರಿ, ತಾಯಿ ನಾಗಮ್ಮ ಅಲ್ಲೇ ಸಿಮೆಂಟಿನ ಮಾಲು ಹೊರುತ್ತಿದ್ದಳು. ತಂದೆ ಮಾದಾಪುರದ ಕಡೆ ಗಾಜಿನ ದೊಡ್ಡ ಕಟ್ಟಡವೊಂದರ ಕೆಲಸಕ್ಕೆ ಹೋಗಿದ್ದವನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ನಾನು ಕಾಲೇಜಿನವಳು ಎಂದು ತಿಳಿದ ಕೂಡಲೇ ಅವರಿಗೆಲ್ಲ 'ಅಕ್ಕೋರು' ಆಗಿಬಿಟ್ಟೆ.

ಮಂಗಳವಾರ ಕೋಠಿಯಲ್ಲಿ ಕಳೆಯಿತು. ಮಳೆ ಬೆಳಿಗ್ಗೆ ಹಿಡಿದದ್ದು ಬಿಡಲಿಲ್ಲ. ಅಂಗಡಿಯವರು ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರಡಿಗೆ ಕೈ ಹಾಕಿ ಒಂದೊಂದೇ ಎಳೆದು ತೋರಿಸಿದರು. ಅರವತ್ತೆರಡು ಪುಸ್ತಕ ಕೊಂಡು, ಎರಡು ಗಂಟು ಕಟ್ಟಿಸಿ, ಆಟೋದಲ್ಲಿ ತೊಯ್ಯದಂತೆ ಮನೆಗೆ ಮುಟ್ಟಿಸಿದೆ. ಬುಧವಾರವೂ ಮಳೆ. ಅಕ್ಕ ಹೊರಗೆ ಹೋಗಬೇಡ ಎಂದಳು. ಮಧ್ಯಾಹ್ನ ನಾಲಾ ಉಕ್ಕಿ ಶೆಡ್ಡುಗಳ ಕಡೆ ಬರುತ್ತಿದೆ ಎಂದು ಯಾರೋ ಹೇಳಿದಾಗ ಛತ್ರಿ ಹಿಡಿದು ಕೆಳಗಿಳಿದೆ.

ಶರಣಪ್ಪ ಮೇಸ್ತ್ರಿ ನೀರಿನ ಅಂಚಿನಲ್ಲಿ ಸೆಂಟ್ರಿಂಗ್ ಕಟ್ಟಿಗೆಯ ತುಂಡೊಂದನ್ನು ಹೂಳಿ, ತಲೆಯ ಮೇಲೆ ಸಿಮೆಂಟಿನ ಚೀಲ ಹೊದ್ದು ಕೂತಿದ್ದರು.

"ನಮ್ಮ ಹೊಳಿ ಬರೂದೂ ಹಿಂಗ ರೀ ಅಕ್ಕೋರ. ಗೂಟ ಹೂಳಬೇಕು, ನೋಡಕೋತ ಕೂಡಬೇಕು. ಹಾಸಿಗಿ ಯಾವಾಗ ಕಟ್ಟಬೇಕಂತ ಅದ ಹೇಳತೈತಿ. ಮೂರ ಸಲ ಭೀಮಾ ಮನೀತನಕ ಬಂದಾಳ, ಒಂದ ತಾಟ ಸೈತ ಕಳಕೊಂಡಿಲ್ಲ ನಾವು."

ನಾನು ಗಡಿಯಾರ ಹಿಡಿದು ಅಳೆದೆ. ಅರ್ಧ ಗಂಟೆಗೆ ಎರಡು ಬೆರಳು. ಶೆಡ್ಡಿನ ಹೊಸ್ತಿಲು ಒಂದು ಮೊಳ ಮೇಲಿತ್ತು, ಅಂದರೆ ಆರು ತಾಸು. ನಾಗಮ್ಮ ಮಕ್ಕಳನ್ನು ಬಿಲ್ಡಿಂಗಿನ ಮೇಲೆ ಕಳಿಸಲೇ ಎಂದು ಕೇಳಿದಳು. ಆಗ ನಾನು ಹೇಳಿದ್ದೇ ಮೊದಲು ಬರೆದ ಮಾತು. ಓದಿದವಳು ಗಡಿಯಾರ ನೋಡಿ ಹೇಳುತ್ತಿದ್ದಾಳೆ ಎಂದು ಅವಳು ನಂಬಿದಳು.

ಹೊಳೆಗೆ ಊರಿಗೆ ಬರಲು ಹೊತ್ತು ಹಿಡಿಯುತ್ತದೆ. ನಗರದ ನಾಲಾ ಹಾಗಲ್ಲ ಎಂಬುದು ಮೇಸ್ತ್ರಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಮೇಲುಗಡೆ ಒಂದು ಕೆರೆಯ ಕಟ್ಟೆ ಒಡೆದಿತ್ತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಗೂಟವೂ ಇರಲಿಲ್ಲ, ಗೂಟ ಹೂಳಿದ್ದ ನೆಲವೂ ಇರಲಿಲ್ಲ. ಭಾಗಮ್ಮ ಶೆಡ್ಡಿನಿಂದ ತಂಗಿಯ ಕೈ ಹಿಡಿದು ಹೊರಬಂದಳು. ತೇಲಿ ಬಂದ ನೀರಿನ ಡ್ರಮ್ಮು ಅವಳ ಹೆಗಲಿಗೆ ಬಡಿಯಿತು, ಕೈ ಬಿಟ್ಟಿತು. ಮಲ್ಲಿ ಎರಡು ಮಾರು ಉರುಳಿ ನನ್ನ ಕಡೆ ಬಂದಳು. ಅವಳ ಫ್ರಾಕಿನ ಬೆನ್ನು ನನ್ನ ಮುಷ್ಟಿಗೆ ಸಿಕ್ಕಿತು. ಮೇಸ್ತ್ರಿ ಭಾಗಮ್ಮನನ್ನು ಎತ್ತಿಕೊಂಡರು. ಬಿದ್ದು ಎದ್ದು ಎಲ್ಲರೂ ಕಟ್ಟಡದ ಮೆಟ್ಟಿಲು ಹತ್ತಿದೆವು. ಮೂರೂವರೆಗೆ ಕಾರ್ಖಾನೆಯ ಸೈರನ್ ಎಂದಿನಂತೆ ಕೂಗಿತು. ಆಗ ನಾವು ಮೇಲಿದ್ದೆವು, ಶೆಡ್ಡುಗಳು ಇರಲಿಲ್ಲ.

ನಮ್ಮ ಓಣಿಯಲ್ಲಿ ಜೀವ ಹೋಗಲಿಲ್ಲ. ಮಲ್ಲಿಯನ್ನು ಉಳಿಸಿದ್ದು ಅಕ್ಕೋರು ಎಂದು ಎಲ್ಲರೂ ಹೇಳಿದರು. ಅವಳು ನೀರಿಗೆ ಬಿದ್ದದ್ದೂ ಅಕ್ಕೋರ ಲೆಕ್ಕದಿಂದ ಎಂದು ಯಾರೂ ಹೇಳಲಿಲ್ಲ. ಈಗಲೂ ಒಮ್ಮೊಮ್ಮೆ ಪುಸ್ತಕ ಜೋಡಿಸುತ್ತಿರುವಾಗ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಒಂದು ಗೇಣು ಆಚೆ ಹೋಗಿದ್ದರೆ ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಗುರುವಾರ ನೀರು ಇಳಿಯಿತು. ರಾಯಚೂರಿನ ಬಸ್ಸುಗಳು ನಿಂತಿದ್ದವು. ಕೆಲಸದವರೆಲ್ಲ ಕಟ್ಟಡದ ಎರಡನೆಯ ಮಹಡಿಯಲ್ಲಿ ಗೋಣಿ ಹಾಸಿಕೊಂಡು ಉಳಿದರು. ಅಕ್ಕ ದೊಡ್ಡ ಪಾತ್ರೆಯಲ್ಲಿ ಅನ್ನ ಸಾರು ಮಾಡಿದಳು, ನಾನು ಹೊತ್ತುಕೊಂಡು ಹೋದೆ. ಮಲ್ಲಿ ನಾಲ್ಕು ವರ್ಷದವಳು ಎರಡು ವರ್ಷದವಳಾಗಿದ್ದಳು. ಮಾತು ತೊದಲುತ್ತಿತ್ತು, ಕೂತಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದಳು. ಉಳಿದ ಮಕ್ಕಳು ಉಸುಕಿನ ಗುಡ್ಡೆಗೆ ಒದ್ದು "ಕೆರಿ ಒಡೀತು!" ಎಂದು ಕೂಗಿ ಓಡುವ ಆಟ ಕಟ್ಟಿದ್ದರು. ಬೆಳಗಿನಿಂದ ಅದೊಂದೇ ಆಟ. ಸೈರನ್ ಕೂಗಿದಾಗ ಆಟ ಬಿಟ್ಟು ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ನಿಂತರು. ಒಬ್ಬಳು ಉಂಡದ್ದನ್ನೆಲ್ಲ ಕಾರಿಕೊಂಡಳು.

ಭಾಗಮ್ಮ ಆಡಲಿಲ್ಲ. ಲಂಗದ ಲಾಡಿ ಬಿಚ್ಚಿ, ಒಂದು ತುದಿ ತಂಗಿಯ ಕೈಗೆ, ಇನ್ನೊಂದು ತನ್ನ ಕೈಗೆ ಕಟ್ಟಿಕೊಂಡಿದ್ದಳು. ಜಾರುವ ಲಂಗಕ್ಕೆ ಸುತಲಿ ದಾರ ಬಿಗಿದಿದ್ದಳು. ಕಂಬಿಯಿಲ್ಲದ ಮೆಟ್ಟಿಲ ಬಾಯಿಯಲ್ಲಿ ಕೂತು ಕೆಳಗೆ ನೋಡುವುದೇ ಅವಳ ಕೆಲಸ.

"ರಾತ್ರಿ ಪೂರಾ ಹಂಗ ಕುಂತಾಳ ರೀ" ಎಂದಳು ನಾಗಮ್ಮ. "ಮಲಕ್ಕೋ ಅಂದ್ರ ಮಲಕ್ಕೊಳ್ಳವಲ್ಲಳು. ತೂಕಡಿಸಿ ಕೆಳಗ ಬಿದ್ದಗಿದ್ದಾಳಂತ ನಾನೂ ಕುಂತೀನಿ."

ಶುಕ್ರವಾರ ಆ ಭಯವೇ ನಿಜವಾಗುವುದರಲ್ಲಿತ್ತು. ಕೂತಲ್ಲೇ ಕಣ್ಣು ಮುಚ್ಚಿ ಮುಂದಕ್ಕೆ ವಾಲಿದ ಹುಡುಗಿಯನ್ನು ನಾಗಮ್ಮ ಜಡೆ ಹಿಡಿದು ಎಳೆದಳು. ಬಿದ್ದಿದ್ದರೆ ಲಾಡಿಯ ಇನ್ನೊಂದು ತುದಿಯಲ್ಲಿದ್ದ ಮಲ್ಲಿಯೂ ಬೀಳುತ್ತಿದ್ದಳು. ಮೆಟ್ಟಿಲಿಗೆ ಅಡ್ಡ ಹಲಗೆ ಕಟ್ಟಿದರು. ಭಾಗಮ್ಮ ಹಲಗೆಯ ಮೇಲಿಂದ ಇಣುಕತೊಡಗಿದಳು. ನಾಗಮ್ಮ ಇಬ್ಬರನ್ನೂ ದರ್ಗಾಕ್ಕೆ ಕರೆದೊಯ್ದು ಅಂಜಿಕೆಯ ದಾರ ಕಟ್ಟಿಸಿದಳು, ನಾನೂ ಜೊತೆಗೆ ಹೋದೆ. ಅಲ್ಲಿಯ ಮುದುಕರು ಹುಡುಗಿಯ ತಲೆ ಸವರಿ ಸಕ್ಕರೆ ಕೊಟ್ಟರು. ತಾಯಿಗೆ ಅದರಿಂದ ಸಮಾಧಾನವಾಯಿತು, ಮಗಳು ಮತ್ತೆ ಮೆಟ್ಟಿಲಿಗೆ ಹೋದಳು. ಸಂಜೆ ತೋರಿಸಿದ ಓಣಿಯ ಡಾಕ್ಟರ್ ನೋಡಿ, ಮೈಗೇನೂ ಆಗಿಲ್ಲ, ನಿದ್ದೆಯೊಂದು ಆಗಬೇಕು ಎಂದರು. ಅದು ನಮಗೂ ಗೊತ್ತಿತ್ತು.

ನಾನು ಅವಳ ಪಕ್ಕದಲ್ಲಿ ಕೂತೆ. "ಭಾಗಿ, ಇನ್ನ ನೀರು ಬರೂದಿಲ್ಲ. ಕೆರಿ ಖಾಲಿ ಆಗೇತಿ. ಬೇಫಿಕರ್ ಮಲಕ್ಕೋ."

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಅವತ್ತೂ ಹಂಗ ಅಂದಿದ್ರಿ."

ಅಕ್ಕನ ಮನೆಗೆ ಹೋಗಿ ಊಟ ಬೇಡ ಎಂದೆ. ಅಕ್ಕ ಬಿಡಲಿಲ್ಲ. "ಪುಸ್ತಕ ಒಯ್ಯಾಕ ಬಂದಾಕಿ ಊಟ ಬಿಟ್ಟು ಕುಂತಾಳ ನೋಡು. ನಿನ್ನಿ ನಿದ್ದಿಗಣ್ಣಾಗ 'ಎರಡ ಬೆರಳು, ಎರಡ ಬೆರಳು' ಅಂತ ಒದರಿದಿ. ನಿಮ್ಮ ಭಾವ ಬೆರಳಿನ ನಡುವ ಹಿಡಿಯಾಕ ಸಿಗರೇಟ ಬೇಡಾಕತ್ತಾಳೇನ ಅಂತ ಕೇಳಿದ್ರು."

ನಕ್ಕೆ. ಮೂರು ದಿನದಲ್ಲಿ ಅದೇ ಮೊದಲ ನಗು.

ಶನಿವಾರ ತಾರ್ನಾಕಕ್ಕೆ ಬಸ್ಸು ಓಡಿತು. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನಗೊಂದು ಪುಸ್ತಕಪಟ್ಟಿ ಬೇಕಿತ್ತು. ಮಕ್ಕಳ ಅಂಜಿಕೆಯ ಬಗ್ಗೆ ಅಲ್ಲಿಯವರನ್ನು ವಿಚಾರಿಸಿದಾಗ ಮನಃಶಾಸ್ತ್ರ ಕಲಿಸುವ ಕನ್ನಡದ ಅಧ್ಯಾಪಕಿಯೊಬ್ಬರು ಇದ್ದಾರೆ ಎಂದು ತಿಳಿಯಿತು. ಉಡುಪಿ ಕಡೆಯವರು. ಓದುವ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಕೇಳಿಸಿಕೊಂಡರು. ಮಲ್ಲಿಗೆ, ಉಳಿದ ಮಕ್ಕಳಿಗೆ ಬೈಯಬೇಡಿ, ಕೆರೆ ಒಡೆಯುವ ಆಟ ನಿಲ್ಲಿಸಬೇಡಿ, ಉಣ್ಣುವ ಮಲಗುವ ಹೊತ್ತು ಮೊದಲಿನಂತೆಯೇ ಇರಲಿ, ದಿನ ಕಳೆದಂತೆ ಬಹುತೇಕ ಮಕ್ಕಳು ತಾವಾಗಿ ಸರಿಹೋಗುತ್ತಾರೆ ಎಂದರು.

"ಆದ್ರೆ ಆ ದೊಡ್ಡ ಹುಡುಗಿ ಇದ್ದಾಳಲ್ಲ, ಅವಳು ಕಾವಲು ಕಾಯ್ತಾ ಇದ್ದಾಳೆ ಮಾರಾಯ್ರೆ. ಬೇರೆ ಯಾರೂ ಕಾಯ್ತಾ ಇಲ್ಲ ಅಂತ ಅವಳಿಗೆ ಗೊತ್ತುಂಟು. ಕಾವಲಿನವನಿಗೆ ಮಲಗು ಅಂದ್ರೆ ಮಲಗ್ತಾನಾ? ಬದಲಿಗೆ ಇನ್ನೊಬ್ಬ ಬಂದು ನಿಲ್ಲಬೇಕು."

"ಏನು ಹೇಳಲಿ ಅವಳಿಗೆ?"

"ನೀವು ಹೇಳಿ ಆಯ್ತಲ್ಲ! ಅವಳು ಏನು ಕೇಳ್ತಾಳೆ ನೋಡಿ. ಅದಕ್ಕೆ ಸತ್ಯ ಹೇಳಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ."

ಭಾನುವಾರ ಬೆಳಿಗ್ಗೆ ಭಾಗಮ್ಮನಿಗೆ, ನಿನಗೆ ಏನು ತಿಳಿಯಬೇಕು ಎಂದು ಕೇಳಿದೆ. ಕೆಳಗೆ ನೋಡುತ್ತಲೇ ಹೇಳಿದಳು: "ನಾವು ಮಲಗೂ ಜಾಗಕ್ಕ ನೀರು ಮುಟ್ಟಬೇಕಂದ್ರ ಇನ್ನ ಎಷ್ಟ ಏರಬೇಕು ರೀ?"

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮೇಸ್ತ್ರಿಯವರ ಹತ್ತಿರ ಹೋದೆ. ಅವರು ಬುಧವಾರದಿಂದ ಮೊಮ್ಮಕ್ಕಳ ಎದುರು ಬರದೆ ಮೂರನೆಯ ಮಹಡಿಯಲ್ಲಿ ಇಟ್ಟಿಗೆಯ ಹಿಂದೆ ಕೂರುತ್ತಿದ್ದರು. ಕೆಲಸದವರು ಅವರಿಗೆ 'ಗೂಟಪ್ಪ' ಎಂದು ಹೆಸರಿಟ್ಟಿದ್ದರು. ಕೇಳಿಸುವಂತೆಯೇ ಅನ್ನುತ್ತಿದ್ದರು. ಹುಡುಗಿಯ ಪ್ರಶ್ನೆ ಹೇಳಿದೆ.

"ಎಷ್ಟ ಏರಬೇಕಂತ ಕೇಳಿದ್ಲಾ?" ಎಂದು ಎದ್ದು ನಿಂತರು. "ಅದು ನನ್ನ ಕೆಲಸ ರೀ ಅಕ್ಕೋರ. ನಲವತ್ತ ವರ್ಷ ಅದನ್ನ ಮಾಡೀನಿ."

ಸಾಮಾನಿನ ಕೋಣೆಯಿಂದ ಲೆವೆಲ್ ಪೈಪು ತಂದರು. ಬೆರಳಿನಷ್ಟು ದಪ್ಪದ, ಒಳಗಿನದು ಕಾಣುವ ಉದ್ದನೆಯ ಪೈಪು. ಅದರೊಳಗೆ ನೀರು ತುಂಬಿ, ಎರಡು ತುದಿಗಳನ್ನು ಎರಡು ಕಡೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೋಡೆ, ಬಾಗಿಲು, ಕಿಟಕಿ ಎಲ್ಲದರ ಎತ್ತರವನ್ನೂ ಇವರು ಅದರಿಂದಲೇ ಗುರುತು ಹಾಕುವುದು.

"ಭಾಗೂ, ಬಾ ಇಲ್ಲಿ. ಒಂದ ತುದಿ ನೀ ಹಿಡಿಯಾಕಿ."

"ನಾ ಬರಂಗಿಲ್ಲ ಮುತ್ಯಾ."

"ನೀ ಬರದಿದ್ರ ಯಾರ ಬರಬೇಕು? ಈ ಮಂದಿ ಕೈಯಾಗ ಕೊಟ್ರ ನೀರೂ ಸೊಟ್ಟ ನಿಂದರತೈತಿ."

ಯಾರೋ ನಕ್ಕರು. ಭಾಗಮ್ಮ ಎದ್ದಳು. ಆದರೆ ಪೈಪು ಹಿಡಿಯಲು ಎರಡು ಕೈ ಬೇಕು. ಒಂದು ಕೈಯ ಹೆಬ್ಬೆರಳಿನಿಂದ ಪೈಪಿನ ಬಾಯಿ ಮುಚ್ಚಬೇಕು, ಇನ್ನೊಂದರಲ್ಲಿ ಗುರುತು ಹಾಕುವ ಪೆನ್ಸಿಲು. ಅವಳು ಲಾಡಿ ನೋಡಿದಳು, ತಂಗಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ತನ್ನ ಕೈಯ ಗಂಟು ಹಲ್ಲಿನಿಂದ ಬಿಚ್ಚಿ ನನ್ನ ಬಲಗೈಗೆ ಕಟ್ಟಿದಳು. ಎರಡು ಗಂಟು ಹಾಕಿ, ಎಳೆದು ನೋಡಿದಳು.

"ಬಿಚ್ಚಬ್ಯಾಡ್ರಿ ಮತ್ತ."

"ಬಿಚ್ಚೂದಿಲ್ಲ" ಎಂದೆ. ಆ ದಿನ ಮಧ್ಯಾಹ್ನದ ತನಕ ಮಲ್ಲಿ ಎಲ್ಲಿ ಹೋದರೆ ನಾನು ಅಲ್ಲಿ. ಉಸುಕಿನ ಗುಡ್ಡೆಗೆ, ಇಟ್ಟಿಗೆಯ ಸಂದಿಗೆ, ಎರಡು ಸಲ ಬಚ್ಚಲಿಗೆ.

ನೀರು ನಿಂತು ಹೋದ ಕಡೆಯೆಲ್ಲ ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿದಿತ್ತು. ಕಾಂಪೌಂಡು ಗೋಡೆಯ ಗೆರೆಗೆ ಒಂದು ತುದಿಯ ನೀರನ್ನು ಸರಿಹೊಂದಿಸಿ ಮೇಸ್ತ್ರಿ ನಿಂತರು. ಇನ್ನೊಂದು ತುದಿ ಹಿಡಿದು ಭಾಗಮ್ಮ ಕಟ್ಟಡದ ಕೆಳಗಿನ ಕಂಬದ ಹತ್ತಿರ. ಹೆಬ್ಬೆರಳು ತೆಗೆದಳು. ಪೈಪಿನೊಳಗಿನ ನೀರು ಮೇಲೆ ಕೆಳಗೆ ಆಡಿತು. ಅವಳ ಮುಖ ಬಿಳಿಚಿತು, ಆದರೂ ಕೈ ಸರಿಸಲಿಲ್ಲ. ನೀರು ನಿಂತಿತು.

"ನಿಂತೈತಿ ಮುತ್ಯಾ!"

"ಗುರ್ತ ಹಾಕು."

ಕಂಬದಲ್ಲಿ ಅವಳ ಗದ್ದದ ಮಟ್ಟಕ್ಕೆ ಗುರುತು ಬಿತ್ತು. ಅಲ್ಲಿಂದ ಮೇಲಕ್ಕೆ ಟೇಪು ಬಿಟ್ಟು, ಅವರು ಮಲಗುವ ಎರಡನೆಯ ಮಹಡಿಯ ನೆಲದ ತನಕ ಅಳೆದರು. ಓದಿದ್ದು ಭಾಗಮ್ಮನೇ. ಹದಿನಾರೂವರೆ ಅಡಿ. ಸರಿಯಾಗಿದೆಯೇ ಎಂದು ಮತ್ತೊಮ್ಮೆ ಅಳೆಸಿದಳು. ಹದಿನಾರೂವರೆಯೇ.

"ಅಷ್ಟ ಏರೂದಿಲ್ಲಲ್ಲ?" ಎಂದಳು.

ಎಲ್ಲರೂ ಮೇಸ್ತ್ರಿಯವರ ಮುಖ ನೋಡಿದರು. "ಏರೂದಿಲ್ಲ ಅಂತ ನಾ ಹೇಳಂಗಿಲ್ಲವಾ. ಒಮ್ಮಿ ಹೇಳಿ ತಪ್ಪೀನಿ. ಈ ಊರ ನೀರು ನನಗ ತಿಳಿಯಂಗಿಲ್ಲ. ಆದ್ರ ಏರಾಕತ್ತಿದ್ರ ನೋಡಾಕ ಮಂದಿ ಇರತಾರ. ಇವತ್ತಿಂದ ಪಾಳಿ."

ಕಂಬದ ಮೇಲೆ ಮೂರು ಕೆಂಪು ಗೆರೆ ಎಳೆದರು. ಮೊದಲನೆಯದು ಮುಟ್ಟಿದರೆ ಕೆಳಗೆ ಅಡುಗೆ ಮಾಡುವಲ್ಲಿಂದ ಅಕ್ಕಿ, ಒಲೆ, ಪಾತ್ರೆ ಎತ್ತುವುದು. ಎರಡನೆಯದಕ್ಕೆ ಎಲ್ಲರೂ ಮೇಲೆ. ಮೂರನೆಯದು ಕೆಸರಿನ ಗೆರೆಯ ಮಟ್ಟ. ಅಲ್ಲಿಗೆ ಬಂದರೆ ಮಕ್ಕಳ ಹೆಸರು ಕೂಗಿ ಎಣಿಸಿ ಇನ್ನೊಂದು ಮಹಡಿ ಹತ್ತುವುದು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪಾಳಿಯವರ ಹೆಸರು ಬರೆದದ್ದು ನಾನು. ಭಾಗಮ್ಮ ತನಗೂ ಪಾಳಿ ಬೇಕೆಂದು ಹಟ ಹಿಡಿದಳು. ಸಂಜೆ ಐದರಿಂದ ಏಳರ ತನಕ ಅವಳದು. ಏಳಕ್ಕೆ ಅಜ್ಜನಿಗೆ ಒಪ್ಪಿಸಿ ಊಟಕ್ಕೆ ಹೋಗಬೇಕು.

"ಏಳರ ಮ್ಯಾಲ ಕಂಬದ ಹತ್ರ ಕಂಡ್ರ ಪಗಾರ ಕಟ್" ಎಂದರು ಮೇಸ್ತ್ರಿ.

"ಪಗಾರ ಕೊಟ್ಟರ ಕಟ್ ಮಾಡ್ತಿ!" ಎಂದಳು.

ಸೋಮವಾರ ಸಂಜೆ ಐದೂವರೆಗೆ ಮತ್ತೆ ಮಳೆ ಬಂತು. ಅವಳದೇ ಪಾಳಿ. ನಾನು ಹೋಗಿ ಪಕ್ಕದಲ್ಲಿ ನಿಂತೆ. ನಾಲಾ ಉಕ್ಕಿತು, ತಗ್ಗು ತುಂಬಿತು, ನೀರು ಕಂಬದ ಬುಡಕ್ಕೆ ಬಂದು ಮೊದಲ ಗೆರೆ ಮುಟ್ಟಿತು. ಭಾಗಮ್ಮ ಅಳಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು: "ಮೊದಲ ಗೆರಿ! ಅಕ್ಕಿ ಎತ್ರೀ!" ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಇಡೀ ಕಟ್ಟಡ ಎದ್ದಿತು. ಅಕ್ಕಿ ಮೇಲೆ ಹೋಯಿತು, ಒಲೆ ಹೋಯಿತು, ಆಟ ಬಿಟ್ಟು ಮಕ್ಕಳೂ ತಲೆಗೊಂದು ಪಾತ್ರೆ ಹೊತ್ತರು. ನೀರು ಮೊದಲ ಗೆರೆಯಲ್ಲೇ ನಿಂತಿತು. ಆರೂವರೆಗೆ ಗೆರೆ ಮತ್ತೆ ಪೂರ್ತಿ ಕಂಡಿತು. ಏಳಕ್ಕೆ ಮೇಸ್ತ್ರಿ ಬಂದು, "ನಡಿ, ನಿನ್ನ ಪಾಳಿ ಆತು" ಎಂದರು. ಅವಳು ಹೊರಟಳು. ಹತ್ತು ಮೆಟ್ಟಿಲು ಹತ್ತಿ ನಿಂತು, "ನಿದ್ದಿ ಹೊಡೀಬ್ಯಾಡ ಮುತ್ಯಾ" ಎಂದಳು.

ಎಲ್ಲ ಅಂದೇ ಸರಿಹೋಗಲಿಲ್ಲ. ಆ ರಾತ್ರಿ ಎರಡು ತಾಸು ಮೈ ಚಾಚಿದಳಂತೆ. ಮಂಗಳವಾರ ನಾಲ್ಕು ಸಲ ಎದ್ದು, ಪಾಳಿಯಲ್ಲಿ ಯಾರಿದ್ದಾರೆ ಎಂದು ಕೂಗಿ ಕೇಳಿದಳಂತೆ. ಉತ್ತರ ಬಂದ ಮೇಲೆ ಮತ್ತೆ ಮಲಗಿದಳಂತೆ. ಮಲ್ಲಿ ಇನ್ನೂ ಒದ್ದೆ ಮಾಡಿಕೊಳ್ಳುತ್ತಿದ್ದಳು, ಆದರೆ ಪೆಪ್ಪರಮೆಂಟನ್ನು ಸ್ಪಷ್ಟವಾಗಿ ಕೇಳುತ್ತಿದ್ದಳು. ನನ್ನ ನಿದ್ದೆಯ ಕಥೆಯೂ ಸುಮಾರು ಭಾಗಮ್ಮನದರಂತೆಯೇ. ಬುಧವಾರ ರಾಯಚೂರಿನ ಬಸ್ಸು ಶುರುವಾಯಿತೆಂದು ಭಾವ ಸುದ್ದಿ ತಂದರು.

ಗುರುವಾರ ಅಕ್ಕ ನನ್ನ ಹೆಗಲು ಹಿಡಿದು ಅಲುಗಾಡಿಸುತ್ತಿದ್ದಳು. "ಏಳ, ಬಸ್ಸ ತಪ್ಪತೈತಿ. ಕರೆದ ಕರೆದ ಬಾಯಿ ನೋವಾತು. ಒಂದ ಸಲಾನೂ ಮಗ್ಗಲ ಬದಲಿಸಿಲ್ಲ ನೀನು." ಕಣ್ಣು ಬಿಟ್ಟರೆ ಬೆಳಕು ಹರಿದಿತ್ತು. ಚಹಾ ಕುಡಿದು, ಪುಸ್ತಕದ ಗಂಟುಗಳನ್ನು ಭಾವನ ಜೊತೆ ಆಟೋಗೆ ಕಳಿಸಿ, ಹೇಳಿ ಬರೋಣವೆಂದು ಕಟ್ಟಡದ ಮೆಟ್ಟಿಲು ಹತ್ತಿದೆ.

ಎರಡನೆಯ ಮಹಡಿಯಲ್ಲಿ ಮಕ್ಕಳೆಲ್ಲ ಸಾಲಾಗಿ ಮಲಗಿದ್ದರು. ಭಾಗಮ್ಮ ಗೋಣಿಯ ಮೇಲೆ ಬೋರಲಾಗಿ, ಒಂದು ಕಾಲು ಪಕ್ಕದವಳ ಮೇಲೆ ಹಾಕಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಲ್ಲಿ ಉರುಳಿಕೊಂಡು ಎಷ್ಟೋ ದೂರ ಗೋಡೆಯ ಬುಡಕ್ಕೆ ಹೋಗಿದ್ದಳು. ಇಬ್ಬರ ಕೈಗೂ ಲಾಡಿ ಇರಲಿಲ್ಲ.

"ನಿನ್ನಿ ಎಂಟಕ್ಕ ಬಿದ್ದಾಕಿ ಎದ್ದೇ ಇಲ್ಲ ರೀ" ಎಂದು ನಾಗಮ್ಮ ಪಿಸುಗುಟ್ಟಿದಳು. ಅವಳ ಕಣ್ಣಲ್ಲೂ ಆಗ ತಾನೆ ಎದ್ದ ಕೆಂಪು. "ಎಬ್ಬಸ್ಲೇನು? ಹೇಳದ ಹೋದ್ರ ಆಮ್ಯಾಲ ನನಗ ಬೈತಾಳ."

"ಬೈಲಿ ಬಿಡವಾ" ಎಂದೆ.

ಮೆಟ್ಟಿಲ ಮೇಲೆ ಉಸುಕು ಕರಕರ ಅನ್ನುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ರಸ್ತೆ ಮುಟ್ಟಿದ ಮೇಲೆ ಹಾಕಿಕೊಂಡೆ.